ಅವಳ ತೂಕದ ಕಲ್ಲು

"ಮೂಟೆ ಹಿಡಿದಂಗೆ ಹಿಡ್ಕೋಬೇಡ ನನ್ನ" ಅಂದಳು ಹೆಂಡತಿ. ಅದೇ ಕೊನೆ. ಆಮೇಲೆ ಅವಳು ಅವನಿಗೆ ಏನೂ ಹೇಳಲಿಲ್ಲ.

ಹೇಳಿದ್ದು ನಗುತ್ತಲೇ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವನ ತೊಡೆಯ ಮೇಲಿದ್ದ ಕಲ್ಲನ್ನು ಎರಡು ಸಲ ತಟ್ಟಿ ಹೇಳಿದಳು. ಹೇಳಿ ವಿಮಾನದ ಕಡೆ ನಡೆದಳು.

ಆ ಕಲ್ಲು ಅವಳ ತೂಕದ್ದು.

ಆ ಊರಿನ ಕಟ್ಟಳೆ ಹಾಗಿತ್ತು. ಊರು ಎತ್ತರದ ಬಯಲಲ್ಲಿ ಇತ್ತು. ಸುತ್ತ ಹುಲ್ಲು. ಹುಲ್ಲಿನ ಆಚೆ ಹುರುಳಿ ಹೊಲ. ಹೊಲದ ಆಚೆ ಆಕಾಶ. ಊರಿಗೆ ಒಂದು ಸಣ್ಣ ವಿಮಾನ ಇತ್ತು. ಎರಡೇ ಸೀಟು. ಮುಂದೆ ಹಾರಿಸುವವನು, ಹಿಂದೆ ಹೋಗುವವರು. ಅದನ್ನು ಯಾರು ತಂದರೋ, ಯಾವಾಗ ತಂದರೋ, ಹೇಳುವವರು ಯಾರೂ ಉಳಿದಿರಲಿಲ್ಲ. ಊರಲ್ಲಿ ಹುಟ್ಟಿದವರಾಗಲಿ, ಮದುವೆಯಾಗಿ ಬಂದವರಾಗಲಿ, ಬದುಕಿನಲ್ಲಿ ಒಂದು ಸಲ ಮೇಲೆ ಹೋಗಬೇಕು. ಒಂದೆರಡು ಸುತ್ತು ಹಾಕಿ, ತಮ್ಮ ಮನೆಯನ್ನು ಮೇಲಿಂದ ನೋಡಿ ಬರಬೇಕು. ನೋಡಿ ಬಂದ ಮೇಲೆ ಅದು ಅವರ ಮನೆ. ಅಲ್ಲಿಯ ತನಕ ಬರೀ ಮಲಗಿ ಏಳುವ ಜಾಗ.

ಹೋಗುವವರು ತಮ್ಮ ಭಾರವನ್ನು ನೆಲದಲ್ಲಿ ಬಿಟ್ಟು ಹೋಗಬೇಕು. ಬಯಲಿನ ಅಂಚಿಗೆ ಒಂದು ತೂಗುವ ಮನೆ ಇತ್ತು. ತೂಗುವವನು ದೊಡ್ಡ ತಕ್ಕಡಿಯ ಒಂದು ಕಡೆ ಹೋಗುವವರನ್ನು ಕೂರಿಸುತ್ತಿದ್ದ. ಇನ್ನೊಂದು ಕಡೆ ಕಲ್ಲು ಇಡುತ್ತಿದ್ದ. ಎರಡು ಕಲ್ಲು ಕೂಡಿಸುವ ಹಾಗಿಲ್ಲ. ಒಬ್ಬರಿಗೆ ಒಂದೇ ಕಲ್ಲು. ಸರಿಹೋಗುವ ತನಕ ಹುಡುಕಬೇಕು. ಆ ಕಲ್ಲನ್ನು ಮನೆಯವರೊಬ್ಬರು ತೊಡೆಯ ಮೇಲೆ ಇಟ್ಟುಕೊಂಡು ಬಯಲಿನ ಕಟ್ಟೆಯ ಮೇಲೆ ಕೂರಬೇಕು. ಹೋದವರು ಇಳಿದು ಬಂದು, ಕಲ್ಲಿನ ಮೇಲೆ ಅಂಗೈ ಇಟ್ಟು, "ಇಳಿದೆ" ಅನ್ನಬೇಕು. ಆಮೇಲೆ ಕಲ್ಲು ಇಳಿಸಬೇಕು. ಅಲ್ಲಿಯ ತನಕ ಕಲ್ಲು ಅಲ್ಲಾಡಬಾರದು. ಕಲ್ಲು ಅಲ್ಲಾಡಿದರೆ ಮೇಲಿರುವವರು ಅಲ್ಲಾಡುತ್ತಾರೆ.

ತೂಗಿದರು. ಕೂತರು. ಕಾದರು. "ಇಳಿದೆ" ಅಂದರು. ಇಳಿಸಿದರು. ಊರು ಹಾಗೇ ನಡೆದುಕೊಂಡು ಬಂದಿತ್ತು.

ಅವನು ಮೂಟೆ ಹೊರುವವನು. ಪೇಟೆಯ ಕಾಳಿನ ಮಂಡಿಯಲ್ಲಿ ನಲವತ್ತು ವರ್ಷ ಹೊತ್ತಿದ್ದ. ಓದು ಬಾರದು. ಚೀಲದ ಮೇಲಿನ ಬಣ್ಣದ ಗುರುತು ನೋಡಿ ಯಾವುದು ಯಾವ ಅಂಗಡಿಗೆ ಅಂತ ತಿಳಿಯುತ್ತಿತ್ತು. ಅಷ್ಟು ಸಾಕಾಗಿತ್ತು. ಅವನು ಮದುವೆಗೆ ಮುಂಚೆಯೇ ಮೇಲೆ ಹೋಗಿ ಬಂದಿದ್ದ. ಹೆಂಡತಿ ಮಾತ್ರ ಈ ವರ್ಷ, ಬರೋ ವರ್ಷ ಅಂತ ಮುಂದಕ್ಕೆ ಹಾಕಿಕೊಂಡೇ ಬಂದಳು.

"ಮನೆ ಎಲ್ಲಿಗೆ ಓಡಿಹೋಗ್ತದೆ? ನನ್ನ ಬಿಟ್ಟು ಹೋಗೋ ಧೈರ್ಯ ಅದಕ್ಕೈತಾ?" ಅನ್ನುತ್ತಿದ್ದಳು.

ಈ ವರ್ಷ ತಾನಾಗಿಯೇ ಹೇಳಿದಳು. "ಮೊಣಕಾಲು ಹಿಡ್ಕೊಳ್ಳೋಕೆ ಮುಂಚೆ ನೋಡ್ಕಂಡು ಬಂದುಬಿಡ್ತೀನಿ ಕಣಯ್ಯ."

ಆ ದಿನ ಬೆಳಗ್ಗೆ ಏಣಿ ಹತ್ತಿ, ತನ್ನ ಹಸಿರು ಸೀರೆಯನ್ನು ಮನೆ ಸೂರಿನ ಮೇಲೆ ಹಾಸಿದಳು. ನಾಲ್ಕು ಮೂಲೆಗೆ ನಾಲ್ಕು ಹೆಂಚಿನ ಚೂರು ಇಟ್ಟಳು.

"ಇದೇನು?" ಅಂದ.

"ಮೇಲಿಂದ ಎಲ್ಲಾ ಮನೆ ಒಂದೇ ಥರ ಕಂಡ್ರೆ? ಪಕ್ಕದವಳ ಮನೆ ನೋಡ್ಕಂಡು ಬಂದ್ರೆ ಆಮೇಲೆ ಅವಳ ಮನೇಲೇ ಇರಬೇಕಾಗ್ತದೆ. ನಿನಗೆ ಮುದ್ದೆ ತೊಳಸೋರು ಯಾರು?"

ತೂಗುವ ಮನೆಯಲ್ಲಿ ಮೊದಲನೇ ಕಲ್ಲು ಮೇಲೆ ಹೋಯಿತು. ಎರಡನೆಯದೂ ಹೋಯಿತು.

"ಏನಕ್ಕಾ, ನೋಡಿದ್ರೆ ಹಿಂಗೆ ಕಾಣಲ್ವಲ್ಲ ನೀನು" ಅಂದ ತೂಗುವವನು.

"ಸುಮ್ನೆ ತೂಗೋ. ನಿನ್ನ ತಕ್ಕಡಿಗೇ ಊತ ಬಂದೈತೆ."

ಮೂರನೇ ಕಲ್ಲು ಸರಿಹೋಯಿತು. ಹೊಳೆಯ ಕಲ್ಲು. ಕಪ್ಪು, ನುಣುಪು. ನಡುವೆ ಒಂದು ಬಿಳಿ ಗೆರೆ. ಅವನು ಅದನ್ನು ಎತ್ತಿಕೊಂಡ. ಒಂದು ಚೀಲ ಹೆಸರುಕಾಳಿನ ಭಾರ. ಇಷ್ಟೇನಾ ಅನ್ನಿಸಿತು. ಮೂವತ್ತು ವರ್ಷ ಜೊತೆಗಿದ್ದು ಒಂದು ದಿನವೂ ಅವಳನ್ನು ಎತ್ತಿ ನೋಡಿರಲಿಲ್ಲ.

ಕಟ್ಟೆಯ ಮೇಲೆ ಕೂತ. ಆಚೆ ತುದಿಯಲ್ಲಿ ಹಾರಿಸುವವನ ತಾಯಿ ಕೂತಿದ್ದಳು. ಮುದುಕಿ. ಮಗ ಎಷ್ಟು ಸಲ ಮೇಲೆ ಹೋಗುತ್ತಾನೋ ಅಷ್ಟು ಸಲವೂ ಅವಳೇ ಕೂರಬೇಕು. ಯಾವಾಗಲೂ ಕಲ್ಲಿನ ಮೇಲೆ ಸೆರಗು ಹೊದಿಸಿಕೊಂಡೇ ಕೂರುತ್ತಿದ್ದಳು. ಊರವರು, ತಾಯಿ ಕರುಳು, ಅನ್ನುತ್ತಿದ್ದರು.

ಹೆಂಡತಿ ಬಂದು ಕಲ್ಲು ತಟ್ಟಿದಳು. ಹೇಳಿದಳು. ಹೋದಳು.

ವಿಮಾನ ಗುಡುಗಿತು. ಹುಲ್ಲು ಮಲಗಿತು. ವಿಮಾನ ಓಡತೊಡಗಿತು.

ಆಗ ಅದು ಆಯಿತು. ಮೂಟೆ ಹೊರುವವರಿಗೆ ಒಂದು ಅಭ್ಯಾಸ. ಭಾರ ಸರಿಯಾಗಿ ಕೂರದಿದ್ದರೆ ಒಂದು ಸಲ ಮೇಲಕ್ಕೆ ಜಾಡಿಸಿ ಕೂರಿಸಿಕೊಳ್ಳುತ್ತಾರೆ. ಬೇಕು ಅಂತ ಮಾಡುವುದಲ್ಲ. ಉಸಿರು ತೆಗೆದಂತೆ ಅದು. ಕಲ್ಲು ಬಲತೊಡೆಯ ಕಡೆ ಜಾರಿದಂತಾಯಿತು. ಅವನ ಕೈ ಅದನ್ನು ಜಾಡಿಸಿ ಎತ್ತಿ ಕೂರಿಸಿತು. ಒಂದು ಬೆರಳಿನಷ್ಟು ಎತ್ತರ. ಅಷ್ಟೇ.

ವಿಮಾನ ನೆಲ ಬಿಟ್ಟಿತು. ತೆಂಗಿನ ಮರದಷ್ಟು ಮೇಲೆ ಹೋಯಿತು. ಅಲ್ಲಿ ಅದರ ದನಿ ಇಳಿಯಿತು. ನಿಲ್ಲಲಿಲ್ಲ, ಇಳಿಯಿತು. ಏರು ಹತ್ತುವಾಗ ಮುದಿ ಎತ್ತಿನ ಉಸಿರು ಸಣ್ಣಗಾಗುತ್ತದಲ್ಲ, ಹಾಗೆ. ಮುಂದಿನ ರೆಕ್ಕೆ ತಿರುಗುತ್ತಲೇ ಇತ್ತು. ಬಲ ಇರಲಿಲ್ಲ. ಮೂತಿ ಬಾಗಿತು. ಒಂದು ಮಗ್ಗುಲಿಗೆ ವಾಲಿತು. ಹುರುಳಿ ಹೊಲದ ಬದುವಿನ ಆಚೆ ಇಳಿದು ಕಾಣದಾಯಿತು.

ಆಮೇಲೆ ಸದ್ದು. ಆ ಸದ್ದು ಅವನಿಗೆ ಗೊತ್ತಿತ್ತು. ಲಾರಿಯ ಮೇಲಿಂದ ಮೂಟೆ ಜಾರಿ ಬಿದ್ದರೆ ಬರುವ ಸದ್ದು.

ಎಲ್ಲರೂ ಓಡಿದರು. ತೂಗುವವನು ತಕ್ಕಡಿ ಬಿಟ್ಟು ಓಡಿದ. ಹೆಂಗಸರು ಓಡಿದರು. ನಾಯಿಗಳು ಓಡಿದವು. ಅವನು ಓಡಲಿಲ್ಲ. ಕಲ್ಲು ತೊಡೆಯ ಮೇಲೆ ಇತ್ತು. ಅವಳು ಬದುಕಿರಬಹುದು. ಬದುಕಿದ್ದರೆ ಕಲ್ಲು ಇಳಿಸುವ ಹಾಗಿಲ್ಲ. ಎರಡೂ ತೋಳಿನಲ್ಲಿ ಅದನ್ನು ತಬ್ಬಿಕೊಂಡು, ಅಲ್ಲಾಡದೆ, ಬದುವಿನ ಕಡೆ ನೋಡುತ್ತ ಕೂತ.

ಬಹಳ ಹೊತ್ತಾದ ಮೇಲೆ ಹಾರಿಸುವವನು ನಡೆದು ಬಂದ. ಒಂದು ಕೈ ಜೋತುಬಿದ್ದಿತ್ತು. ಹಣೆಯಲ್ಲಿ ರಕ್ತ. ತಾಯಿಯ ಮುಂದೆ ಮಂಡಿಯೂರಿ, ಸೆರಗಿನ ಮೇಲೆ ಅಂಗೈ ಇಟ್ಟು, "ಇಳಿದೆ ಕಣವ್ವ" ಅಂದ. ಅಂದು ಅತ್ತ. ಮೂಟೆ ಹೊರುವವನ ಕಡೆ ನೋಡಲಿಲ್ಲ. ಎದ್ದು, ತೂಗುವ ಮನೆಯ ಹಿಂದಕ್ಕೆ ಹೋಗಿ ಕೂತುಬಿಟ್ಟ.

ಹೊಲದ ಕಡೆಯಿಂದ ಜನ ಬಂದರು. ನಾಲ್ಕು ಜನ ಒಂದು ಕಂಬಳಿಯ ನಾಲ್ಕು ಮೂಲೆ ಹಿಡಿದು ಬಂದರು. ಕಂಬಳಿಯನ್ನು ತೂಗುವ ಮನೆಯ ಒಳಗೆ ಇಳಿಸಿದರು. ತಲೆಯ ಕಡೆ ದೀಪ ಹಚ್ಚಿದರು.

ಕಲ್ಲು ತೊಡೆಯ ಮೇಲೆ ಇತ್ತು.

ತೂಗುವವನು ಬಂದು ಮುಂದೆ ನಿಂತ.

"ಅಣ್ಣಾ. ಇಳಿಸು."

"ಅವಳು ಇಳಿದೆ ಅಂದಿಲ್ಲ."

"ನೆಲಕ್ಕೆ ಬಂದ್ಲಲ್ಲಣ್ಣ."

"ಬಂದಿಲ್ಲ. ಬಿದ್ಲು."

ಆ ಊರಲ್ಲಿ ಹೋದವರು ಯಾರೂ ಬರದೆ ಉಳಿದಿರಲಿಲ್ಲ. ಹೋದವರು ಬರದಿದ್ದರೆ ಕಲ್ಲು ಏನು ಮಾಡಬೇಕು ಅಂತ ಹಿರಿಯರು ಹೇಳಿಹೋಗಿರಲಿಲ್ಲ. ಒಂದು ಮಾತು ಮಾತ್ರ ಎಲ್ಲರಿಗೂ ಗೊತ್ತಿತ್ತು. ಕಲ್ಲು ತೊಡೆಯ ಮೇಲಿರುವ ತನಕ ಹೋದವರು ಇನ್ನೂ ಮೇಲಿದ್ದಂತೆಯೇ, ಅದು ಇಳಿಯುವ ತನಕ ಆ ದೇಹ ಮಣ್ಣಿಗೆ ಇಳಿಯುವ ಹಾಗಿಲ್ಲ.

ಜನ ಸೇರಿದರು. ಒಬ್ಬ, ಅವಳ ಕೈಯನ್ನೇ ತಂದು ಕಲ್ಲಿನ ಮೇಲೆ ಇಡಿಸೋಣ, ಅಂದ. ಇನ್ನೊಬ್ಬ, "ಕೈ ಇಡಿಸ್ತೀಯ. ಮಾತು ಯಾರ ಬಾಯಿಂದ ಆಡಿಸ್ತೀಯ?" ಅಂದ. ಒಬ್ಬಳು, ಗಂಡನೇ ಹೆಂಡತಿ ಪರವಾಗಿ ಅಂದರೆ ಆಗಲ್ವಾ, ಅಂದಳು. ಅದಕ್ಕೆ ಅವನು ತಲೆ ಎತ್ತಿದ.

"ಅವಳ ಪರವಾಗಿ ನಾನು ಯಾವತ್ತೂ ಮಾತಾಡಿಲ್ಲ. ಆಡಿದ್ರೆ ಬಿಡ್ತಿರಲಿಲ್ಲ."

ಜನ ಒಬ್ಬೊಬ್ಬರೇ ಕರಗಿದರು.

ಅವನು ಹೇಳದೆ ಉಳಿಸಿಕೊಂಡ ಮಾತು ಬೇರೆ ಇತ್ತು. ಕಲ್ಲು ಅಲ್ಲಾಡಿತ್ತು. ಅಲ್ಲಾಡಿಸಿದ್ದು ಅವನು. ಅವಳು ಹೇಗೆ ಹಿಡಿಯಬೇಡ ಅಂದಿದ್ದಳೋ ಹಾಗೇ ಹಿಡಿದಿದ್ದ. ಒಂದು ಸಲ ಬೀಳಿಸಿ ಆಗಿದೆ. ಈಗ ಇಳಿಸಿದರೆ ಎರಡನೇ ಸಲ ಬೀಳಿಸಿದಂತೆ. ಇಳಿಸದಿದ್ದರೆ ಅವಳು ಆ ಕಂಬಳಿಯಲ್ಲೇ ಇರಬೇಕು.

ಬಿಸಿಲು ಏರಿತು. ಕಲ್ಲು ಕಾದಿತು. ಹೆಗಲ ಮೇಲಿನ ಟವೆಲನ್ನು ಒಂದೇ ಕೈಯಲ್ಲಿ ಎಳೆದು ಕಲ್ಲಿಗೆ ಹೊದಿಸಿದ. ಟವೆಲಿನ ಮೇಲೆ ಒಂದು ಇರುವೆ ಹರಿಯುತ್ತಿತ್ತು. ಉಫ್ ಅಂತ ಊದಿ ಓಡಿಸಿದ. ತೊಡೆ ಜುಮ್ಮೆಂದಿತು. ಆಮೇಲೆ ಉರಿಯಿತು. ಆಮೇಲೆ ಏನೂ ಇಲ್ಲವಾಯಿತು. ಹೊತ್ತು ವಾಲಿತು. ಹುಲ್ಲಿನ ಮೇಲೆ ಅವನ ನೆರಳು ಉದ್ದವಾಯಿತು. ಒಬ್ಬರು ಇನ್ನೊಬ್ಬರನ್ನು ಮಡಿಲಲ್ಲಿ ಮಲಗಿಸಿಕೊಂಡಂತೆ ಕಾಣುತ್ತಿತ್ತು ನೆರಳು.

ಕಲ್ಲು ತೊಡೆಯ ಮೇಲೆ ಇತ್ತು.

ಹೊತ್ತು ಮುಳುಗುವಾಗ ಹಾರಿಸುವವನ ತಾಯಿ ಬಂದಳು. ಒಂದು ಚೊಂಬು ಮಜ್ಜಿಗೆ ತಂದಿದ್ದಳು. ಅವನ ಕೈ ಬಿಡುವಿಲ್ಲ ಅಂತ ನೋಡಿ, ತಾನೇ ಅವನ ಗದ್ದ ಹಿಡಿದು ಕುಡಿಸಿದಳು. ಅರ್ಧ ಕುಡಿದ. ಅರ್ಧ ಎದೆಯ ಮೇಲೆ ಇಳಿಯಿತು. ಸೆರಗಿನಿಂದ ಒರೆಸಿದಳು. ಪಕ್ಕ ಕೂತಳು.

"ಸೂರಿನ ಮೇಲೆ ಅವಳ ಸೀರೆ ಇತ್ತು. ಗಾಳಿಗೆ ಮೂಲೆ ಎದ್ದಿತ್ತು. ತೆಗೆಸಿ ಮಡಿಸಿ ಒಳಗಿಟ್ಟಿದೀನಿ."

"ಹೂಂ" ಅಂದ.

"ಏನಾದ್ರೂ ಆಡಪ್ಪ."

ಬದುವಿನ ಕಡೆ ನೋಡುತ್ತಲೇ ಬಾಯಿ ಬಿಟ್ಟ.

"ಅವ್ವಾ. ನಾನು ಕಲ್ಲು ಜಾಡಿಸಿದೆ."

"ಏನು?"

"ಮಂಡೀಲಿ ಮೂಟೆ ಜಾಡಿಸಿದಂಗೆ. ವಿಮಾನ ಓಡ್ತಿದ್ದಾಗ. ನಾನೇ ಬೀಳಿಸಿದ್ದು."

ಮುದುಕಿ ಆಚೆ ಈಚೆ ನೋಡಿದಳು. ಯಾರೂ ಇರಲಿಲ್ಲ. ಆದರೂ ದನಿ ತಗ್ಗಿಸಿದಳು.

"ಮಗಾ, ನನ್ನ ತೊಡೆ ನೋಡು. ಎರಡು ಕೊಕ್ಕರೆ ಕಾಲು. ನನ್ನ ಮಗ ಎಷ್ಟು ತೂಗ್ತಾನೆ ಗೊತ್ತಾ? ಎರಡು ಹೆಣ್ಣಾಳಿನಷ್ಟು. ಆ ಕಲ್ಲು ನಾನು ಹಿಡಿಯೋಕೆ ಆಗ್ತದಾ?"

ಅವನು ತಿರುಗಿ ನೋಡಿದ.

"ಮೊದಮೊದಲು ಹಿಡಿದೆ. ಒಂದು ವರ್ಷ. ಆಮೇಲೆ ಸೊಂಟ ಹೋಯ್ತು. ಕಲ್ಲನ್ನ ಕಟ್ಟೆ ಹಿಂದೆ ಉರುಳಿಸಿ, ಹಳೇ ಬಟ್ಟೆ ಗಂಟು ಮಡಿಲಲ್ಲಿ ಇಟ್ಕಂಡು, ಸೆರಗು ಮುಚ್ಕೋತೀನಿ. ಹದಿನೆಂಟು ವರ್ಷ ಆಯ್ತು. ಬಟ್ಟೆ ಗಂಟು ಹಿಡ್ಕಂಡೇ ಅವನನ್ನ ಹಾರಿಸಿದೀನಿ. ಇವತ್ತೂ ಅಷ್ಟೇ. ನನ್ನ ಕಲ್ಲು ನೆಲದ ಮೇಲಿತ್ತು. ನನ್ನ ಮಗ ನಡ್ಕಂಡು ಬಂದ. ನೀನು ಹಿಡ್ಕಂಡಿದ್ದೆ. ನಿನ್ನ ಹೆಂಡ್ತಿ ಬರಲಿಲ್ಲ. ಈಗ ಹೇಳು, ಕಲ್ಲಿಗೆ ಏನು ಗೊತ್ತು?"

"ಅವನಿಗೆ ಗೊತ್ತಾ?"

"ಪ್ರತಿ ಸಲಾನೂ ಗಂಟಿನ ಮೇಲೆ ಕೈ ಇಟ್ಟು ಇಳಿದೆ ಅಂತಾನೆ. ಗೊತ್ತಿಲ್ದೇ ಏನು? ಕಲ್ಲು ಯಾವುದು, ಬಟ್ಟೆ ಯಾವುದು ಅಂತ ತಿಳಿಯಲ್ವಾ? ಒಂದು ಸಲ ಕೇಳಿದ, ಅವ್ವಾ ಈ ಸಲ ಗಂಟು ಮೆತ್ತಗಾಗೈತಲ್ಲ, ಒಗೆದ್ಯಾ, ಅಂತ."

ಅವನ ಮೂಗಿನಿಂದ ಒಂದು ಉಸಿರು ಬಂತು. ನಗು ಆಗಬೇಕಿತ್ತು. ದಾರಿಯಲ್ಲಿ ಬೇರೆ ಏನೋ ಆಯಿತು. ಮುದುಕಿ ಅವನ ಬೆನ್ನು ಸವರಿದಳು.

"ಊರಿಗೆ ಬೇಕಾದ್ರೆ ಹೇಳ್ತೀನಿ. ಉಗೀಲಿ ನನಗೆ. ನೀನು ಇಳಿಸಪ್ಪ. ಅವಳು ಅಲ್ಲಿ ನೆಲದ ಮೇಲೆ ಮಲಗವ್ಳೆ."

ಅವನ ಯೋಚನೆ ನಿಧಾನ. ಒಂದು ಮೂಟೆ ಇಟ್ಟು ಇನ್ನೊಂದಕ್ಕೆ ಬರುವಂತೆ.

"ಹಂಗಾದ್ರೆ ನಾನು ಹಿಡ್ಕಂಡಿದ್ದೂ ಸುಳ್ಳೇ ಅಲ್ವಾ ಅವ್ವಾ. ಬೀಳಿಸಿದ್ದು ನಾನಲ್ಲ ಅಂದ್ರೆ, ಹಿಡಿದಿದ್ದೂ ನಾನಲ್ಲ. ಬೆಳಗಿಂದ ನಾನು ಅವಳನ್ನೇ ಹಿಡ್ಕಂಡು ಕೂತಿದೀನಿ ಅಂದ್ಕಂಡಿದ್ದೆ."

ಮುದುಕಿ ಕಲ್ಲಿನ ಮೇಲಿದ್ದ ಟವೆಲನ್ನು ಸರಿಮಾಡಿದಳು. ಚಳಿ ಆಗದಂತೆ ಅಂಚನ್ನು ಒಳಕ್ಕೆ ಸೇರಿಸಿದಳು. ಚೊಂಬು ತೆಗೆದುಕೊಂಡು ಎದ್ದಳು.

"ನನ್ನ ಮಗ ಆ ಗೋಡೆ ಹಿಂದೆ ಅವ್ನೆ. ಬೆಳಗಿಂದ ಒಂದು ಗುಟುಕು ನೀರು ಕುಡಿದಿಲ್ಲ. ನಿನ್ನ ಮುಂದೆ ಬರೋಕೆ ಹೆದರ್ತಾನೆ" ಅಂದು ಹೋದಳು.

ಬೆಳಗಾಯಿತು.

ಹುಲ್ಲಿನ ಮೇಲೆ ಇಬ್ಬನಿ ಇತ್ತು. ಟವೆಲಿನ ಮೇಲೂ ಇತ್ತು. ಅವನು ಕಣ್ಣು ಬಿಟ್ಟಾಗ ಕಟ್ಟೆಯ ಆಚೆ ತುದಿಯಲ್ಲಿ ಹಾರಿಸುವವನು ಕೂತಿದ್ದ. ಒಂದು ಕೈಯನ್ನು ಬಟ್ಟೆಯಲ್ಲಿ ಕಟ್ಟಿ ಕುತ್ತಿಗೆಗೆ ತೂಗುಹಾಕಿದ್ದರು. ತಾಯಿ ಕೂರುವ ಜಾಗ ಅದು.

ಇಬ್ಬರೂ ಹುರುಳಿ ಹೊಲದ ಕಡೆ ನೋಡಿದರು.

"ಅಣ್ಣಾ" ಅಂದ ಹಾರಿಸುವವನು. "ನೆಲದ ಮೇಲೆ ಇದ್ದಾಗಲೇ ಎಂಜಿನ್ನು ಒಂದು ಸಲ ಕೆಮ್ಮಿತು. ಕೇಳಿಸ್ತು ನನಗೆ. ಇನ್ನೂ ಬಯಲು ಇತ್ತು ಮುಂದೆ. ನಿಲ್ಲಿಸಬಹುದಿತ್ತು. ಸರಿಹೋಗ್ತದೆ ಅಂದ್ಕಂಡೆ. ಹಿಂದೆ ಎಷ್ಟೋ ಸಲ ಕೆಮ್ಮಿತ್ತು, ಸರಿಹೋಗಿತ್ತು."

"ಎಷ್ಟು ಬಯಲಿತ್ತು?"

"ಒಂದು ಹೊಲದಷ್ಟು."

ಮೂಟೆ ಹೊರುವವನು ಆ ಒಂದು ಹೊಲದಷ್ಟು ಹುಲ್ಲನ್ನು ಕಣ್ಣಿನಲ್ಲೇ ಅಳೆದ. ಈ ತುದಿಯಿಂದ ಆ ತುದಿಗೆ. ಆ ತುದಿಯಿಂದ ಈ ತುದಿಗೆ. ಸಿಟ್ಟು ಬಂತು. ಎದೆ ತನಕ ಬಂತು. ತೋಳು ಬಿಗಿಯಾಯಿತು. ತೋಳಿನಲ್ಲಿ ಕಲ್ಲಿತ್ತು. ಅದನ್ನು ನೋವಾಗುವಂತೆ ಒತ್ತಿದೆನಾ ಅಂತ ಕೆಳಗೆ ನೋಡಿದ. ಹಿಡಿತ ಸಡಿಲ ಮಾಡಿದ. ಸಿಟ್ಟು ಅಲ್ಲೇ ನಿಂತಿತು, ಹೋಗಲಿಲ್ಲ, ಬೆಳೆಯಲೂ ಇಲ್ಲ.

"ಮನೆ ಕಂಡಿತಾ ಅವಳಿಗೆ?" ಅಂತ ಕೇಳಿದ.

ಹಾರಿಸುವವನು ಕಂಡಿತು ಅನ್ನಬಹುದಿತ್ತು.

"ಇಲ್ಲಣ್ಣ. ಅಷ್ಟು ಎತ್ತರ ಹೋಗಲಿಲ್ಲ. ಮರ ಅಡ್ಡ ಇತ್ತು." ಅವನೇ ಮತ್ತೆ ಹೇಳಿದ. "ಅವರು ಮುಂದಕ್ಕೆ ನೋಡ್ತಾನೇ ಇರಲಿಲ್ಲ. ನಾನು ತಿರುಗಿ ನೋಡಿದ್ರೆ ಹಿಂದಕ್ಕೆ ಮುಖ ಮಾಡಿ ಕೂತಿದ್ರು. ನಿಮ್ಮನ್ನೇ ನೋಡ್ತಿದ್ರು. ನೀವು ಕಲ್ಲನ್ನ ಒಂದು ಸಲ ಎತ್ತಿ ಕೂರಿಸ್ಕಂಡ್ರಂತೆ. ಹೌದಾ?"

ಅವನು ಕತ್ತು ತಿರುಗಿಸಿದ. "ನೋಡಿದ್ಲಾ?"

"ನೋಡಿದ್ರು. ನೋಡಿ ನಕ್ರು. ನನ್ನ ಬೆನ್ನು ತಟ್ಟಿ ಅಂದ್ರು, ಎರಡು ಸುತ್ತು ಬೇಡ ಕಣಪ್ಪ, ಒಂದೇ ಸಾಕು. ಬೇಗ ಇಳಿಸು. ಅವನಿಗೆ ಭಾರ ಆಗ್ತೈತೆ."

ಹೊತ್ತು ಬದುವಿನ ಮೇಲೆ ಬಂತು. ಹುಲ್ಲಿನ ತುದಿಗಳೆಲ್ಲ ಒಂದೇ ಸಲ ಹೊಳೆದವು. ತೂಗುವ ಮನೆಯ ಒಳಗೆ ದೀಪ ಉರಿಯುತ್ತಲೇ ಇತ್ತು. ಬೆಳಕಲ್ಲಿ ಅದು ಕಾಣುತ್ತಿರಲಿಲ್ಲ.

ಅವನು ಟವೆಲ್ ತೆಗೆದ. ಬಿಳಿ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದ, ಈ ಕೊನೆಯಿಂದ ಆ ಕೊನೆಗೆ. ಕಲ್ಲು ಬೆಚ್ಚಗಿತ್ತು. ಅವನ ಮೈಯ ಶಾಖವೇ ಅದು, ಬೇರೆ ಏನಲ್ಲ. ಅದು ಅವನಿಗೆ ಗೊತ್ತಿತ್ತು.

"ಬಾರಪ್ಪ" ಅಂದ. "ಒಂದು ಕೈ ಹಾಕು."

ಮಂಡಿಯಲ್ಲಿ ಮೂಟೆ ಎತ್ತಿಸಲು ಇನ್ನೊಬ್ಬರನ್ನು ಕರೆಯುತ್ತಾರೆ. ಇಳಿಸಲು ಯಾರೂ ಕರೆಯುವುದಿಲ್ಲ. ಹೆಗಲು ವಾರೆ ಮಾಡಿದರೆ ತಾನಾಗಿ ಇಳಿಯುತ್ತದೆ. ನಲವತ್ತು ವರ್ಷದಲ್ಲಿ ಅವನು ಇಳಿಸುವುದಕ್ಕೆ ಯಾರನ್ನೂ ಕೈ ಕೇಳಿರಲಿಲ್ಲ.

ಹಾರಿಸುವವನು ಎದ್ದು ಬಂದ. ಕಟ್ಟಿದ ಕೈಯನ್ನು ನೋಡಿಕೊಂಡ.

"ನನಗಿರೋದು ಒಂದೇ ಕೈ ಅಣ್ಣ."

"ಒಂದೇ ಕೇಳಿದ್ದು ನಾನು."

ಮೂರು ಕೈ ಕಲ್ಲಿನ ಅಡಿಗೆ ಹೋದವು. ಎತ್ತಿದರು. ಇಬ್ಬರೂ ಜೊತೆಗೆ ಬಗ್ಗಿದರು. ಹುಲ್ಲಿನ ಮೇಲೆ, ಇಬ್ಬನಿಯ ಮೇಲೆ, ಸದ್ದಾಗದಂತೆ ಇಟ್ಟರು. ಬೆರಳುಗಳನ್ನು ಅಡಿಯಿಂದ ಒಂದೊಂದಾಗಿ ಎಳೆದುಕೊಂಡರು.

ಮೊದಲ ಸಲಕ್ಕೆ ಅವನಿಗೆ ಏಳಲು ಆಗಲಿಲ್ಲ. ಎರಡನೇ ಸಲಕ್ಕೆ ಆಯಿತು. ಹಾರಿಸುವವನ ಒಳ್ಳೆಯ ಕೈ ಇದ್ದ ಕಡೆಯ ಹೆಗಲನ್ನು ಹಿಡಿದುಕೊಂಡು, ಹೆಜ್ಜೆ ಹೆಜ್ಜೆಯಾಗಿ ತೂಗುವ ಮನೆಯ ಕಡೆ ನಡೆದ. ಬಾಗಿಲಲ್ಲಿ ಆ ಹೆಗಲು ಬಿಟ್ಟ. ಟವೆಲನ್ನು ತಲೆಗೆ ಸುತ್ತಿಕೊಂಡು, ಬಗ್ಗಿ, ಅವಳನ್ನು ಎತ್ತಿಕೊಳ್ಳಲು ಒಳಗೆ ಹೋದ.